ಹಳೇ ಕುರ್ಚಿ, ಗೊಂಬೆ, ಜಾಡಿ: ಯಾವುದಕ್ಕೆ ಯಾವ ಅಂಟು?

ಹಾರ್ಡ್‌ವೇರ್ ಅಂಗಡಿಗೆ ಹೋಗಿ ‘ಒಂದು ಗಟ್ಟಿ ಅಂಟು ಕೊಡಿ’ ಅಂದರೆ ಅಂಗಡಿಯವರು ಮೊದಲು ಕೇಳುವುದು ‘ಯಾವುದಕ್ಕೆ ಸಾರ್?’ ಎಂದು. ಪ್ರಶ್ನೆ ಸರಿಯೇ, ಆದರೆ ಅರ್ಧ. ಮರಕ್ಕೋ ಪಿಂಗಾಣಿಗೋ ಎಂಬುದರ ಜೊತೆಗೆ ಇನ್ನೂ ಮೂರು ಸಂಗತಿ ಗೊತ್ತಿರಬೇಕು. ತುಂಡುಗಳನ್ನು ಒತ್ತಿ ಹಿಡಿದಾಗ ನಡುವೆ ಎಷ್ಟು ಸಂದು ಉಳಿಯುತ್ತದೆ? ಆ ಜಾಗಕ್ಕೆ ನೀರು, ಬಿಸಿ ತಾಗುತ್ತದೆಯೇ? ಹತ್ತಿಪ್ಪತ್ತು ವರ್ಷದ ಮೇಲೆ ಮತ್ತೆ ಸಡಿಲವಾದರೆ ಬಿಚ್ಚಲು ಆಗುತ್ತದೆಯೇ? ಮೂರನೆಯದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. ಹಳೆಯ ಸಾಮಾನು ರಿಪೇರಿಯಲ್ಲೇ ಹಾಳಾಗುವುದು ಬಹಳ ಸಲ ಇದರಿಂದ.

ಮೊಳೆ ಹೊಡೆದು, ಮೇಲೆ ಎಂ-ಸೀಲ್ ಮೆತ್ತಿದ ಕುರ್ಚಿಕಾಲನ್ನು ಬಡಗಿ ಕೈಗೆ ಕೊಟ್ಟು ನೋಡಿ. ಮೂಲ ಕುರ್ಚಿ ಮಾಡಲು ಹಿಡಿದದ್ದಕ್ಕಿಂತ ಹೆಚ್ಚು ಹೊತ್ತು ಆ ರಿಪೇರಿಯನ್ನು ಕಿತ್ತು ತೆಗೆಯಲು ಬೇಕಾಗುತ್ತದೆ.

ಅಂಗಡಿಯಲ್ಲಿ ಸಿಗುವ ಬಗೆಗಳು

ಬಿಳಿ ಅಂಟು. ಫೆವಿಕಾಲ್ ಎಂದೇ ಕರೆಯುವ ಪಿವಿಎ ಅಂಟು ಇದು. ಬೇರೆ ಕಂಪನಿಗಳದ್ದೂ ಗುಣದಲ್ಲಿ ಹೆಚ್ಚು ಕಡಿಮೆ ಇದೇ. ಇದರೊಳಗಿನ ನೀರು ಆರಿಹೋದರೆ ಮಾತ್ರ ಗಟ್ಟಿಯಾಗುತ್ತದೆ. ಹಾಗಾಗಿ ಎರಡರಲ್ಲಿ ಒಂದು ಮೈಯಾದರೂ ನೀರು ಹೀರುವಂತಿರಬೇಕು. ಗಾಜಿಗೆ ಗಾಜು, ಹಿತ್ತಾಳೆಗೆ ಹಿತ್ತಾಳೆ ಇದರಿಂದ ನಿಲ್ಲುವುದಿಲ್ಲ. ಮರಕ್ಕೆ ಮರ ಬಿಗಿಯಾಗಿ ಕೂತಿದ್ದರೆ ಮಾತ್ರ ಇದಕ್ಕಿಂತ ಒಳ್ಳೆಯದು ಬೇಕಿಲ್ಲ. ಎಳೆದರೆ ಅಂಟಿಗಿಂತ ಮೊದಲು ಮರವೇ ಸೀಳುತ್ತದೆ. ಕೊರತೆ ಮೂರು. ದಪ್ಪ ಸಂದನ್ನು ತುಂಬುವ ಶಕ್ತಿ ಇಲ್ಲ. ಮಾಮೂಲಿ ಬಗೆ ನೀರಲ್ಲಿ, ಬಿಸಿಯಲ್ಲಿ ಮೆತ್ತಗಾಗುತ್ತದೆ. ಸದಾ ಒಂದೇ ಕಡೆಗೆ ಎಳೆತವಿದ್ದರೆ ವರ್ಷಗಟ್ಟಲೆಯಲ್ಲಿ ಕೂದಲೆಳೆಯಷ್ಟು ಜಾರುತ್ತದೆ. ಬಚ್ಚಲ ಬಾಗಿಲು, ಅಡುಗೆಮನೆಯ ಕಟ್ಟೆಯಂಥ ತೇವದ ಜಾಗಕ್ಕೆ ‘ಮರೀನ್’ ಎಂದು ಬರೆದಿರುವ ಬಗೆ, ಅಥವಾ ಡಬ್ಬಿಯ ಮೇಲೆ ‘ಡಿ3’ ಎಂಬ ದರ್ಜೆ ಇರುವುದು ತೆಗೆದುಕೊಳ್ಳಿ.

ಎಪಾಕ್ಸಿ. ಅರಾಲ್ಡೈಟ್‌ನಂತೆ ಎರಡು ಟ್ಯೂಬಿನಲ್ಲಿ ಬರುವುದು. ಎರಡನ್ನೂ ಸಮ ಉದ್ದಕ್ಕೆ ಹಿಂಡಿ ಕಲಸಿದಾಗ ರಾಸಾಯನಿಕ ಕ್ರಿಯೆಯಿಂದ ಗಟ್ಟಿಯಾಗುತ್ತದೆ. ಆರಬೇಕಾದ ನೀರು ಇದರಲ್ಲಿಲ್ಲ. ಆದ್ದರಿಂದ ಕುಗ್ಗುವುದಿಲ್ಲ, ಸಂದು ತುಂಬುತ್ತದೆ, ಲೋಹ, ಕಲ್ಲು, ಪಿಂಗಾಣಿ ಎಲ್ಲವನ್ನೂ ಹಿಡಿಯುತ್ತದೆ. ನಿಧಾನದ ಬಗೆಯಲ್ಲಿ ಕಲಸಿದ ಮೇಲೆ ಒಂದೂವರೆ ಗಂಟೆಯಾದರೂ ಕೆಲಸಕ್ಕೆ ಸಿಗುತ್ತದೆ. ಪೂರ್ತಿ ಬಲ ಬರಲು ಒಂದು ದಿನ ಬೇಕು. ಐದು ನಿಮಿಷದ ಬಗೆ ಆತುರಕ್ಕೆ ಸರಿ. ಆದರೆ ಬಲದಲ್ಲೂ, ನೀರು ತಡೆಯುವುದರಲ್ಲೂ ನಿಧಾನದ್ದೇ ಮೇಲು. ಹಳೆಯ ಸಾಮಾನಿಗೆ ನಿಧಾನದ್ದನ್ನೇ ಇಟ್ಟುಕೊಳ್ಳಿ, ತುಂಡು ಸರಿಯಾಗಿ ಕೂರಿಸಲು ಪುರುಸೊತ್ತು ಸಿಗುತ್ತದೆ. ಬಿಸಿಲು ಬಿದ್ದರೆ ಎಪಾಕ್ಸಿ ಹಳದಿಯಾಗುತ್ತದೆ ಎಂಬುದು ನೆನಪಿರಲಿ.

ಫೆವಿಕ್ವಿಕ್ ಥರದ್ದು. ಗಾಳಿಯ, ಮೇಲ್ಮೈಯ ತೇವದಿಂದ ಕ್ಷಣದಲ್ಲಿ ಗಟ್ಟಿಯಾಗುವ ಅಂಟು. ನೇರ ಎಳೆತಕ್ಕೆ ಬಲು ಗಟ್ಟಿ. ಪಕ್ಕದಿಂದ ಒಂದು ಪೆಟ್ಟು ಬಿದ್ದರೆ ಗಾಜಿನಂತೆ ಚಟ್ಟನೆ ಬಿಡುತ್ತದೆ. ತೆಳ್ಳಗೆ ಹಚ್ಚಿದಷ್ಟೂ ಒಳ್ಳೆಯದು. ಹೆಚ್ಚು ಸುರಿದರೆ ಗಟ್ಟಿಯಾಗುವುದೂ ತಡ, ಸುತ್ತ ಬಿಳಿ ಬೂದಿಯಂಥ ಕಲೆಯೂ ಕೂರುತ್ತದೆ. ಹಳೆಯ ವಸ್ತುಗಳಲ್ಲಿ ಇದಕ್ಕೆ ನಾವು ಕೊಡುವ ಜಾಗ ತೀರಾ ಸಣ್ಣದು: ಎದ್ದು ಬಂದ ಸಣ್ಣ ಸಿಬಿರನ್ನು ಕೂರಿಸುವುದು, ಬೇರೆ ಅಂಟು ಆರುವವರೆಗೆ ಒಂದು ಮೂಲೆಯನ್ನು ಹಿಡಿದಿಡುವುದು. ಒರೆಸಲು ಹತ್ತಿ ಬಟ್ಟೆ ತೆಗೆದುಕೊಳ್ಳಬೇಡಿ. ಹತ್ತಿಯ ಮೇಲೆ ಇದು ಹೆಚ್ಚಾಗಿ ಬಿದ್ದರೆ ಚರ್ಮ ಸುಡುವಷ್ಟು ಬಿಸಿಯಾಗುತ್ತದೆ.

ರಬ್ಬರ್ ಅಂಟು. ಎಸ್‌ಆರ್ 998 ಎಂದು ಬಡಗಿಗಳು ಕೇಳುವ ಹಳದಿ ಅಂಟು. ಎರಡೂ ಮೈಗೆ ಹಚ್ಚಿ, ಹತ್ತು ಹದಿನೈದು ನಿಮಿಷ ಬಿಟ್ಟು, ಬೆರಳಿಗೆ ಹತ್ತದಷ್ಟು ಆರಿದ ಮೇಲೆ ಒತ್ತಬೇಕು. ಒತ್ತಿದ ಮೇಲೆ ಸರಿಸಲಾಗದು. ಸನ್‌ಮೈಕಾದ ಅಂಚು, ರೆಕ್ಸಿನ್, ಚರ್ಮ, ಸೋಫಾದ ಫೋಮ್ ಇದರ ಕ್ಷೇತ್ರ. ಕುರ್ಚಿಕಾಲಿಗೆ ಬೇಡವೇ ಬೇಡ, ಅದು ರಬ್ಬರಿನಂತೆ ಎಳೆದಾಡುತ್ತಲೇ ಇರುತ್ತದೆ. ಇದರ ಆವಿಗೆ ಬೆಂಕಿ ಬೇಗ ಹತ್ತುತ್ತದೆ. ಗ್ಯಾಸ್ ಒಲೆ ಮಾತ್ರವಲ್ಲ, ದೇವರ ಮನೆಯ ದೀಪವೂ ಆರಿರಬೇಕು.

ಮರವಜ್ರ, ಅಂದರೆ ಸರೇಸು. ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಅಂಟು. ಬಿಳಿ ಅಂಟು ಬರುವ ಮುಂಚಿನ ಪೀಠೋಪಕರಣಗಳಲ್ಲಿ ಸಾಮಾನ್ಯವಾಗಿ ಕಾಣುವುದು ಇದೇ. ಹರಳನ್ನು ಎರಡು ಪಾಲು ತಣ್ಣೀರಿನಲ್ಲಿ ಕೆಲವು ಗಂಟೆ ನೆನೆಹಾಕಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು 60–65 ಡಿಗ್ರಿಗೆ ಕಾಯಿಸಬೇಕು. ಕುದಿಸಿದರೆ ಬಲ ಹೋಯಿತು. ಹಚ್ಚಿ ಒಂದೆರಡು ನಿಮಿಷದೊಳಗೆ ಜೋಡಿಸಬೇಕು, ತಣ್ಣಗಾಗುತ್ತಲೇ ಅದು ಹೆಪ್ಪುಗಟ್ಟುತ್ತದೆ. ಇಷ್ಟೆಲ್ಲ ರಗಳೆಯಿದ್ದರೂ ಇದನ್ನು ಇನ್ನೂ ಬಿಡದಿರುವುದಕ್ಕೆ ಕಾರಣ ಎರಡು: ಬಿಸಿನೀರಿಗೆ ಬಿಡುತ್ತದೆ, ಮತ್ತು ಹಳೆಯ ಸರೇಸಿನ ಮೇಲೆ ಹೊಸದು ಕರಗಿ ಒಂದಾಗುತ್ತದೆ. ಬಿಳಿ ಅಂಟಿಗೆ ಎರಡನೇ ಗುಣ ಇಲ್ಲ. ಆರಿದ ಬಿಳಿ ಅಂಟಿನ ಮೇಲೆ ಹೊಸ ಬಿಳಿ ಅಂಟು ಸರಿಯಾಗಿ ಹಿಡಿಯುವುದಿಲ್ಲ. ದೇವರ ಮಂಟಪ, ಪೂಜೆಯ ಪೆಟ್ಟಿಗೆಗಳಿಗೆ ಸರೇಸು ಹಾಕುವ ಮುಂಚೆ ಮನೆಯವರನ್ನು ಕೇಳಿಬಿಡಿ. ಎಷ್ಟೋ ಮನೆಗಳಲ್ಲಿ ಒಪ್ಪುವುದಿಲ್ಲ.

ಹಾಕುವ ಮುಂಚೆ, ಇರುವುದು ಯಾವುದು ನೋಡಿ

ಸಡಿಲವಾದ ಸಂದಿನಲ್ಲಿ ಕಾಣುವ ಹಳೆಯ ಅಂಟಿನ ಮೇಲೆ ಒಂದು ಹನಿ ಬಿಸಿನೀರು ಬಿಟ್ಟು ಐದು ನಿಮಿಷ ಕಾಯಿರಿ. ಕಂದು ಹರಳಿನಂತಿದ್ದದ್ದು ಜಿಗುಟಾಗಿ, ಮೂಗಿಗೆ ಚರ್ಮದ ವಾಸನೆ ಬಂದರೆ ಅದು ಸರೇಸು. ಬೆಳ್ಳಗೆ ತಿರುಗಿ ರಬ್ಬರಿನಂತಾದರೆ ಬಿಳಿ ಅಂಟು. ಉಗುರಿಗೂ ನೀರಿಗೂ ಜಗ್ಗದೆ ಗಾಜಿನಂತೆ ಹೊಳೆಯುತ್ತಿದ್ದರೆ ಯಾರೋ ಎಪಾಕ್ಸಿ ಹಾಕಿದ್ದಾರೆ. ಹಳದಿಯಾಗಿ ನೂಲಿನಂತೆ ಎಳೆಬಂದರೆ ರಬ್ಬರ್ ಅಂಟು.

ಸರೇಸಾದರೆ ಕೆಲಸ ಸುಲಭ. ಬಿಳಿ ಅಂಟಾದರೆ ಬಿಸಿ ಮಾಡಿದ ವಿನೆಗರ್ ನಿಧಾನಕ್ಕೆ ಮೆತ್ತಗೆ ಮಾಡುತ್ತದೆ. ಎಪಾಕ್ಸಿಯಾದರೆ ಹೇರ್ ಡ್ರೈಯರಿನ ಬಿಸಿಗಾಳಿಯೇ ಗತಿ. ಚೆನ್ನಾಗಿ ಕಾದಾಗ ಅದು ಬಿಗಿ ಕಳೆದುಕೊಳ್ಳುತ್ತದೆ, ಜೊತೆಗೆ ಪಾಲಿಷೂ ಏಳಬಹುದು. ರಬ್ಬರ್ ಅಂಟಿಗೆ ಥಿನ್ನರ್.

ಅಲ್ಲಾಡುವ ಬೀಟೆ ಕುರ್ಚಿ

ಇದನ್ನು ಬಿಡಿಸಿ ಹೇಳಬೇಕು. ಮನೆಗಳಲ್ಲಿ ಹೆಚ್ಚು ರಿಪೇರಿಗೆ ಬರುವುದೂ ಇದೇ, ಹೆಚ್ಚು ಕೆಡುವುದೂ ಇದೇ.

ಬೀಟೆ ಮತ್ತು ತೇಗ ಎರಡೂ ಎಣ್ಣೆಯ ಅಂಶವಿರುವ ಮರಗಳು. ಆ ಎಣ್ಣೆ ನಿಧಾನವಾಗಿ ಮೇಲೆ ಬಂದು ಅಂಟಿಗೂ ಮರಕ್ಕೂ ನಡುವೆ ತೆಳ್ಳಗೆ ನಿಲ್ಲುತ್ತದೆ. ಹಲಸು, ಹೊನ್ನೆಗೆ ಹಚ್ಚಿದಂತೆಯೇ ಇವಕ್ಕೂ ಹಚ್ಚಿದರೆ ವರ್ಷದೊಳಗೆ ಸಂದು ಸಿಪ್ಪೆ ಸುಲಿದಂತೆ ಬಿಡುವುದಕ್ಕೆ ಇದೇ ಕಾರಣ. ಅಂಟು ಹಚ್ಚುವ ಸ್ವಲ್ಪ ಮುಂಚೆ 120ರ ಸ್ಯಾಂಡ್‌ಪೇಪರಿನಲ್ಲಿ ಹಗುರವಾಗಿ ಒಂದೆರಡು ಸಲ ಎಳೆದು, ಬಿಳಿ ಬಟ್ಟೆಗೆ ಅಸಿಟೋನ್ ಹಾಕಿ ಒರೆಸಿ. ಬಟ್ಟೆಗೆ ಬಣ್ಣ ಹತ್ತುವುದು ಕಮ್ಮಿಯಾಗುವವರೆಗೆ ಒರೆಸಿ, ಆರಿದ ಕೂಡಲೇ ಹಚ್ಚಿ. ಹಿಂದಿನ ದಿನ ಒರೆಸಿಟ್ಟರೆ ಪ್ರಯೋಜನವಿಲ್ಲ, ರಾತ್ರಿಯೊಳಗೆ ಎಣ್ಣೆ ಮತ್ತೆ ಬಂದಿರುತ್ತದೆ.

ಕುರ್ಚಿ ಬಿಚ್ಚುವಾಗ ಮೊದಲ ಕೆಲಸ ನಂಬರು. ಪ್ರತಿ ಸಂದಿನ ಎರಡೂ ಕಡೆ ಮಾಸ್ಕಿಂಗ್ ಟೇಪ್ ತುಂಡು ಹಚ್ಚಿ 1-1, 2-2 ಎಂದು ಬರೆಯಿರಿ. ಕೈಯಲ್ಲಿ ಮಾಡಿದ ಕುರ್ಚಿಯಲ್ಲಿ ನಾಲ್ಕು ಅಡ್ಡಪಟ್ಟಿಗಳು ನೋಡಲು ಒಂದೇ ಥರ ಇದ್ದರೂ ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ಆಮೇಲೆ ಮೊಳೆ ಹುಡುಕಿ. ಹಳೆಯ ಸಂದುಗಳಲ್ಲಿ ಅಡ್ಡವಾಗಿ ಬಿದಿರಿನ ಅಥವಾ ಮರದ ಮೊಳೆ ಇರಬಹುದು. ಅದನ್ನು ಹಿಂದಿನಿಂದ ತಟ್ಟಿ ತೆಗೆಯದೆ ಕೊಡತಿಯಿಂದ ಬಡಿದರೆ ಕಾಲು ಸೀಳುತ್ತದೆ. ನಂತರ 5 ಎಂಎಲ್ ಸಿರಿಂಜಿನಲ್ಲಿ ಬಿಸಿನೀರು (ಬಿಳಿ ಅಂಟಾದರೆ ವಿನೆಗರ್) ಸಂದಿಗೆ ಇಳಿಸಿ, ಕಾಲು ಗಂಟೆ ಬಿಟ್ಟು, ಹಳೆ ಟವೆಲ್ ಅಡ್ಡ ಇಟ್ಟು ತಟ್ಟಿ. ಬರದಿದ್ದರೆ ಇನ್ನೊಂದು ಸಲ ಸಿರಿಂಜು. ಬಲ ಹೆಚ್ಚಿಸಬೇಡಿ. ಅಲ್ಲಾಡದ ಸಂದನ್ನು ಬಿಚ್ಚುವ ಗೊಡವೆಯೂ ಬೇಡ.

ಹಳೆಯ ಅಂಟನ್ನು ಕೆರೆದು ತೆಗೆಯಿರಿ, ಉಜ್ಜಿ ತೆಗೆಯಬೇಡಿ. ಒಂದು ಮರದ ನಾಲಿಗೆ ಇನ್ನೊಂದರ ತೂತಿಗೆ ಬಿಗಿಯಾಗಿ ಕೂರುವುದರಲ್ಲೇ ಕುರ್ಚಿಯ ಜೀವ ಇರುವುದು. ಸ್ಯಾಂಡ್‌ಪೇಪರ್ ಹಿಡಿದು ನಾಲಿಗೆಯನ್ನು ಚೆಂದವಾಗಿ ಉಜ್ಜಿದರೆ ಅದು ಸಣ್ಣದಾಗುತ್ತದೆ, ಇಲ್ಲದಿದ್ದ ಸಂದು ನಾವೇ ಮಾಡಿದಂತಾಗುತ್ತದೆ. ಬಿಸಿನೀರಿನ ಬಟ್ಟೆ ಸುತ್ತಿ, ಮೆತ್ತಗಾದ ಮೇಲೆ ಉಳಿಯ ಅಂಚಿನಿಂದ ಕೆರೆದರೆ ಸಾಕು. ಒಂದು ಪೂರ್ತಿ ದಿನ ಆರಲು ಬಿಡಿ.

ಈಗ ಅಂಟಿಲ್ಲದೆ ಜೋಡಿಸಿ ನೋಡಿ. ಅಂಟಿನ ಆಯ್ಕೆ ನಿರ್ಧಾರವಾಗುವುದು ಇಲ್ಲಿ. ಮಾಮೂಲಿ ಜೆರಾಕ್ಸ್ ಹಾಳೆ ಸುಮಾರು 0.1 ಮಿ.ಮೀ. ದಪ್ಪ. ನಾಲಿಗೆಯ ಪಕ್ಕದಲ್ಲಿ ಹಾಳೆಯ ಒಂದು ಪಟ್ಟಿ ತೂರಿದಾಗ ಬಿಗಿಯಾಗಿ ನಿಂತರೆ ಅಥವಾ ತೂರದೇ ಹೋದರೆ ಬಿಳಿ ಅಂಟು ಸಾಕು. ಎರಡು ಮೂರು ಪದರ ಸಲೀಸಾಗಿ ಹೋದರೆ ಬಿಳಿ ಅಂಟು ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಆರುವಾಗ ಕುಗ್ಗಿ ಒಳಗೆ ಪೊಳ್ಳು ಬಿಡುತ್ತದೆ, ಆರು ತಿಂಗಳಲ್ಲಿ ಕುರ್ಚಿ ಮತ್ತೆ ಕಿರುಗುಟ್ಟುತ್ತದೆ. ಆಗ ದಾರಿ ಎರಡು. ಒಂದು, ಅದೇ ಮರದ ತೆಳು ಹೆರೆಗಳನ್ನು ನಾಲಿಗೆಯ ಎರಡೂ ಬದಿಗೆ ಬಿಳಿ ಅಂಟಿನಿಂದ ಕೂರಿಸಿ, ಒಣಗಿದ ಮೇಲೆ ಹೊಂದುವಷ್ಟು ಹೆರೆದು, ಬಿಗಿ ಮಾಡಿಕೊಂಡು ಮತ್ತೆ ಬಿಳಿ ಅಂಟಿನಿಂದಲೇ ಜೋಡಿಸುವುದು. ಇನ್ನೊಂದು, ಎಪಾಕ್ಸಿಗೆ ಜರಡಿ ಹಿಡಿದ ನುಣ್ಣನೆ ಮರದ ಪುಡಿ ಸೇರಿಸಿ ತುಂಬುವುದು. ಮೊದಲನೆಯದಕ್ಕೆ ಒಂದು ದಿನ ಹೆಚ್ಚು ಹಿಡಿಯುತ್ತದೆ, ಆದರೂ ಅದೇ ನಮ್ಮ ಆಯ್ಕೆ. ಎಪಾಕ್ಸಿ ತುಂಬಿದ ಸಂದು ಮುಂದೆ ಬಿಚ್ಚಬೇಕಾದಾಗ ಮರವನ್ನೂ ಕಿತ್ತುಕೊಂಡು ಬರುತ್ತದೆ. ತೂತಿನ ಗೋಡೆಯೇ ಒಡೆದು ಹೋಗಿದ್ದರೆ, ಗೆದ್ದಲು ತಿಂದಿದ್ದರೆ, ಆಗ ಎಪಾಕ್ಸಿ ಬಿಟ್ಟರೆ ಬೇರೆ ದಾರಿಯಿಲ್ಲ.

ಬಿಳಿ ಅಂಟಿಗೆ ಮರದ ಪುಡಿ ಕಲಸಿ ತುಂಬುವ ಪದ್ಧತಿಯೂ ಇದೆ. ಕಣ್ಣಿಗೆ ಕಾಣುವ ಗೆರೆ ಮುಚ್ಚಲು ಪರವಾಗಿಲ್ಲ. ಭಾರ ಹೊರುವ ಸಂದಿಗೆ ಅದರಲ್ಲಿ ಬಲವಿಲ್ಲ.

ಒಂದು ಕುರ್ಚಿಗೆ 100 ಗ್ರಾಂ ಡಬ್ಬಿಯೇ ಮಿಗುತ್ತದೆ. ಸಣ್ಣ ಬ್ರಷ್‌ನಿಂದ ನಾಲಿಗೆಗೆ ಪೂರ್ತಿ, ತೂತಿನ ಗೋಡೆಗೆ ತೆಳ್ಳಗೆ ಹಚ್ಚಿ. ತೂತಿನ ತಳಕ್ಕೆ ಅಂಟು ಸುರಿಯುವುದು ಸಾಮಾನ್ಯ ತಪ್ಪು. ಆಚೆ ಕಡೆ ತೆರೆದಿರದ ತೂತಿಗೆ ಬಿಗಿಯಾದ ನಾಲಿಗೆ ಬಡಿದಾಗ ತಳದಲ್ಲಿ ಸಿಕ್ಕಿಕೊಂಡ ಅಂಟಿಗೆ ಹೋಗಲು ದಾರಿಯಿಲ್ಲ; ಪಂಪಿನಂತೆ ಒತ್ತಡ ಏರಿ ಕಾಲಿನ ಮರ ಉದ್ದಕ್ಕೂ ಬಿರುಕು ಬಿಡುತ್ತದೆ. ಮೊದಲು ಎಡಬದಿಯ ಚೌಕಟ್ಟು, ಆಮೇಲೆ ಬಲಬದಿ, ಕೊನೆಗೆ ಎರಡನ್ನೂ ಸೇರಿಸುವ ಅಡ್ಡಪಟ್ಟಿಗಳು. ಒಂದೊಂದು ಹಂತವೂ ಹತ್ತು ನಿಮಿಷದೊಳಗೆ ಮುಗಿಯಲಿ. ಉದ್ದನೆಯ ಕ್ಲಾಂಪ್ ಇಲ್ಲದಿದ್ದರೆ ಸೈಕಲ್ ಟ್ಯೂಬ್ ಕತ್ತರಿಸಿ ಎಳೆದು ಸುತ್ತಿ, ಅಥವಾ ಹಗ್ಗವನ್ನು ಎರಡು ಸುತ್ತು ಹಾಕಿ ನಡುವೆ ಕೋಲು ತೂರಿಸಿ ತಿರುಚಿ. ಹಗ್ಗದಡಿ ರಟ್ಟು ಇಡಿ, ಇಲ್ಲದಿದ್ದರೆ ಅಂಚಿನಲ್ಲಿ ಗುರುತು ಬೀಳುತ್ತದೆ. ಬಿಗಿದ ಮೇಲೆ ಸೀಟಿನ ಚೌಕಟ್ಟನ್ನು ಮೂಲೆಯಿಂದ ಮೂಲೆಗೆ ಅಳೆಯಿರಿ. ಮುಂದೆ ಅಗಲ ಹಿಂದೆ ಕಿರಿದಾದ ಸೀಟಾದರೂ ಎರಡು ಕರ್ಣಗಳೂ ಸಮ ಬರಬೇಕು. ಸಮತಟ್ಟು ನೆಲದಲ್ಲಿ ನಾಲ್ಕು ಕಾಲೂ ಕೂತಿವೆಯೇ ನೋಡಿ. ಅಂಟು ಹಸಿ ಇದ್ದಾಗ ಸರಿಪಡಿಸಲು ಒಂದು ನಿಮಿಷ, ಒಣಗಿದ ಮೇಲೆ ಮತ್ತೆ ಮೊದಲಿಂದ.

ಸಂದಿನಿಂದ ಹೊರಗೆ ಬಂದ ಅಂಟನ್ನು ಒದ್ದೆ ಬಟ್ಟೆಯಿಂದ ಒರೆಸುವ ಆಸೆ ಎಲ್ಲರಿಗೂ. ಬೀಟೆಯಂಥ ಕಪ್ಪು ಮರದಲ್ಲಿ ನೀರಾದ ಅಂಟು ಮರದ ರಂಧ್ರಗಳಿಗೆ ಇಳಿದುಬಿಡುತ್ತದೆ. ಪಾಲಿಷ್ ಹಚ್ಚಿದಾಗ ಅಲ್ಲಿ ಮಾತ್ರ ಬೂದು ಮಚ್ಚೆ ಏಳುತ್ತದೆ. ಮುಕ್ಕಾಲು ಗಂಟೆ ಬಿಟ್ಟು, ಅಂಟು ಚ್ಯೂಯಿಂಗ್ ಗಮ್ಮಿನಂತಾದಾಗ ಉಳಿಯ ತುದಿಯಿಂದ ಎತ್ತಿದರೆ ಒಂದೇ ಪಟ್ಟಿಯಾಗಿ ಬರುತ್ತದೆ.

ಒಂದು ದಿನ ಬಿಗಿ ಬಿಚ್ಚಬೇಡಿ. ಮೂರು ದಿನ ಯಾರೂ ಕೂರುವುದು ಬೇಡ.

ಬೆತ್ತ ಹೆಣೆದ ಸೀಟಾದರೆ ಒಂದು ಮಾತು. ಬೆತ್ತವನ್ನು ಗಾಡಿಯಲ್ಲಿ (ಸೀಟಿನ ಚೌಕಟ್ಟಿನಲ್ಲಿ ಕೊರೆದ ಕಾಲುವೆ) ಒತ್ತಿ ಹಿಡಿಯುವ ದಾರಕ್ಕೆ ಬಿಳಿ ಅಂಟು ಮಾತ್ರ ಹಾಕಿ, ಅದೂ ತೆಳ್ಳಗೆ. ಬೆತ್ತ ಕುರ್ಚಿಗಿಂತ ಮುಂಚೆ ಸವೆಯುವ ಭಾಗ, ಮತ್ತೆ ಬದಲಿಸಲೇಬೇಕು. ಅಲ್ಲಿ ಎಪಾಕ್ಸಿ ಹಾಕಿದರೆ ಮುಂದಿನ ಸಲ ಗಾಡಿಯನ್ನೇ ಹೊಸದಾಗಿ ಕೊರೆಯಬೇಕಾಗುತ್ತದೆ.

ದಸರೆಯ ಗೊಂಬೆ

ಅಟ್ಟದಿಂದ ಇಳಿಸಿದ ಪೆಟ್ಟಿಗೆಯಲ್ಲಿ ಯಾವುದೋ ಒಂದು ಗೊಂಬೆಯ ಕುತ್ತಿಗೆ ಮುರಿದಿರುವುದು ವಾಡಿಕೆ. ಕೈಗೆ ಸಿಗುವುದು ಫೆವಿಕ್ವಿಕ್. ಮಣ್ಣಿನ ಗೊಂಬೆಗೆ ಇದು ತಪ್ಪು ಆಯ್ಕೆ: ನೀರಿನಷ್ಟು ತೆಳ್ಳಗಿರುವ ಅಂಟು ಮಣ್ಣಿನೊಳಗೆ ಹೀರಿಹೋಗುತ್ತದೆ, ಸಂದಿನಲ್ಲಿ ಉಳಿಯುವುದಿಲ್ಲ, ಬಣ್ಣದ ಮೇಲೆ ಕಪ್ಪು ಕಲೆ ಮೂಡುತ್ತದೆ. ಎಪಾಕ್ಸಿ ಹಿಡಿಯುತ್ತದೆ, ಅತಿಯಾಗಿ. ಸಂದು ಮಣ್ಣಿಗಿಂತ ಎಷ್ಟೋ ಪಾಲು ಗಟ್ಟಿಯಾಗಿರುವುದರಿಂದ ಇನ್ನೊಮ್ಮೆ ಬಿದ್ದರೆ ಪಕ್ಕದ ಹೊಸ ಜಾಗ ಒಡೆಯುತ್ತದೆ. ಮೆದು ವಸ್ತುವಿಗೆ ಅದಕ್ಕಿಂತ ಮೆದುವಾದ ಅಂಟೇ ಕ್ಷೇಮ.

ಮೊದಲು ಗೊಂಬೆಯ ತಳದಲ್ಲಿ, ಬಣ್ಣವಿಲ್ಲದ ಕಡೆ ಒಂದು ಹನಿ ನೀರು ಬಿಟ್ಟು ಬೆರಳಾಡಿಸಿ. ಕೆಸರು ಬಂದರೆ ಸುಡದ ಹಸಿ ಮಣ್ಣು. ಹನಿ ಹೀರಿಕೊಂಡು ಮೈ ಗಟ್ಟಿಯಾಗಿಯೇ ಉಳಿದರೆ ಸುಟ್ಟ ಮಣ್ಣು. ಸುಟ್ಟದ್ದಕ್ಕೆ ಬಿಳಿ ಅಂಟು ಚೆನ್ನಾಗಿ ಒಗ್ಗುತ್ತದೆ. ಒಂದು ಪಾಲು ಅಂಟಿಗೆ ನಾಲ್ಕು ಪಾಲು ನೀರು ಬೆರೆಸಿ ಮುರಿದ ಎರಡೂ ಮುಖಕ್ಕೆ ಹಚ್ಚಿ ಅರ್ಧ ಗಂಟೆ ಆರಿಸಿ. ಮಣ್ಣಿನ ದಾಹ ಅದರಲ್ಲೇ ತೀರುತ್ತದೆ. ಆಮೇಲೆ ಗಟ್ಟಿ ಅಂಟನ್ನು ಅಂಚಿನಿಂದ 2 ಮಿ.ಮೀ. ಒಳಗೆ ಹಚ್ಚಿ ಒತ್ತಿ. ತಲೆ ಭಾರವಿದ್ದರೆ ನಡುವೆ ಬಿದಿರಿನ ಕಡ್ಡಿಯೊಂದನ್ನು ತೂರಿಸಬಹುದು. ಟೊಳ್ಳು ಗೊಂಬೆಗೆ ಅದೇ ಕಡ್ಡಿ ಆಧಾರ. ಗೊಂಬೆಯನ್ನು ಅಕ್ಕಿ ತುಂಬಿದ ಪಾತ್ರೆಯಲ್ಲಿ ಹೂತು ನಿಲ್ಲಿಸಿ, ತಲೆ ತನ್ನ ಭಾರಕ್ಕೆ ತಾನೇ ನೆಟ್ಟಗೆ ಕೂರುವಂಥ ಕೋನ ಹುಡುಕಿ. ಟೇಪ್ ಸುತ್ತಬೇಡಿ, ತೆಗೆಯುವಾಗ ಬಣ್ಣವೂ ಬರುತ್ತದೆ.

ಹಸಿ ಮಣ್ಣಿನದಕ್ಕೆ ನೀರಿನ ಅಂಟು ಹಾಕಿದರೆ ಮುರಿದ ಮುಖವೇ ಕರಗಿ ಗುರುತು ಸಿಗದಂತಾಗುತ್ತದೆ. ಅದಕ್ಕೆ ಸಂಗ್ರಹಾಲಯಗಳಲ್ಲಿ ಬಳಸುವ ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ಹರಳು ಒಳ್ಳೆಯದು. ತೂಕದಲ್ಲಿ ಸಮ ಪಾಲು ಅಸಿಟೋನಿನಲ್ಲಿ ಕರಗಿಸಿದರೆ ಜೇನಿನಂಥ ಅಂಟಾಗುತ್ತದೆ. ತಪ್ಪಾದರೆ ಅಸಿಟೋನಿನಿಂದಲೇ ಬಿಡಿಸಬಹುದು. ಸುಮಾರು 40 ಡಿಗ್ರಿಗೆ ಇದು ಮೆತ್ತಗಾಗತೊಡಗುತ್ತದೆ. ಬೆಂಗಳೂರು, ಮಡಿಕೇರಿಯಲ್ಲಿ ಚಿಂತೆಯಿಲ್ಲ. ರಾಯಚೂರು, ಕಲಬುರಗಿಯಲ್ಲಿ ಏಪ್ರಿಲ್–ಮೇ ತಿಂಗಳಲ್ಲಿ ಶೀಟಿನ ಅಟ್ಟದ ಮೇಲಿಟ್ಟರೆ ತಲೆ ವಾಲಿಕೊಂಡಿರುತ್ತದೆ.

ಚನ್ನಪಟ್ಟಣದ ಗೊಂಬೆ ಬೇರೆ ಜಾತಿ. ಅದರ ಹೊಳಪು ಅರಗಿನದ್ದು. ಅರಗು ಸ್ಪಿರಿಟ್ಟಿಗೆ ಕರಗುತ್ತದೆ, ಬಿಸಿಗೂ ಕರಗುತ್ತದೆ. ಅಸಿಟೋನ್, ಸ್ಪಿರಿಟ್, ಹೇರ್ ಡ್ರೈಯರ್ ಮೂರೂ ದೂರವಿರಲಿ. ಒಳಗಿನ ಗೂಟ ಸಡಿಲವಾಗಿದ್ದರೆ ಗೂಟಕ್ಕಷ್ಟೇ ಬಿಳಿ ಅಂಟು. ಮಗು ಬಾಯಿಗಿಡುವ ಆಟಿಕೆಯಾದರೆ ಅಂಟು ಹೊರಗೆ ಕಾಣಬಾರದು.

ಜಾಡಿ, ಪಿಂಗಾಣಿ

ಇಲ್ಲಿ ಎಪಾಕ್ಸಿಯೇ, ಅದೂ ನಿಧಾನದ್ದು. ಮೂರು ತುಂಡಿಗಿಂತ ಹೆಚ್ಚಾಗಿದ್ದರೆ ಮೊದಲು ಬರೀ ಟೇಪಿನಿಂದ ಇಡೀ ಜಾಡಿ ಕಟ್ಟಿ ನೋಡಿ, ತುಂಡುಗಳಿಗೆ ಒಳಮೈಯಲ್ಲಿ ನಂಬರು ಹಾಕಿ. ತಳದಿಂದ ಮೇಲಕ್ಕೆ ಬರಬೇಕು. ಕ್ರಮ ತಪ್ಪಿದರೆ ಕೊನೆಯ ತುಂಡಿಗೆ ಜಾಗ ಇರುತ್ತದೆ, ಒಳಗೆ ಹೋಗಲು ದಾರಿ ಇರುವುದಿಲ್ಲ. ಸೋಪು, ನೀರಿನಿಂದ ತೊಳೆದು ಒಣಗಿಸಿ ಅಸಿಟೋನಿನಲ್ಲಿ ಒರೆಸಿ. ಉಪ್ಪಿನಕಾಯಿ ಜಾಡಿಯ ಒಡೆದ ಅಂಚಿನಲ್ಲಿ ಎಣ್ಣೆ ಇಳಿದಿರುತ್ತದೆ, ಎರಡು ಮೂರು ಸಲ ತೊಳೆಯಬೇಕಾದೀತು. ಅಂಟು ಒಂದೇ ಕಡೆಗೆ, ತೆಳ್ಳಗೆ. ದಪ್ಪ ಹಚ್ಚಿದರೆ ಪ್ರತಿ ಸಂದೂ ಕೂದಲೆಳೆಯಷ್ಟು ಎತ್ತರವಾಗಿ, ಐದನೇ ತುಂಡಿನ ಹೊತ್ತಿಗೆ ಬಾಯಿಯ ಸುತ್ತಳತೆಯೇ ಹೊಂದುವುದಿಲ್ಲ. ಹೊರಬಂದ ಅಂಟನ್ನು ನಾಲ್ಕೈದು ಗಂಟೆ ಬಿಟ್ಟು, ಬೆಣ್ಣೆಕಟ್ಟಿನಂತೆ ಗಟ್ಟಿಯಾದಾಗ ಬ್ಲೇಡಿನಲ್ಲಿ ಕೊಯ್ಯಿರಿ. ಹಸಿ ಇರುವಾಗ ಕೈಗೆ ಹತ್ತಿದ್ದನ್ನು ಥಿನ್ನರಿನಿಂದ ತೊಳೆಯಬೇಡಿ, ಅದು ಅಂಟನ್ನು ಚರ್ಮದೊಳಕ್ಕೆ ಇಳಿಸುತ್ತದೆ. ಒರೆಸಿ, ಸೋಪು ಹಾಕಿ ತೊಳೆದರೆ ಆಯಿತು. ಕೈಗವಸಿದ್ದರೆ ಅದೂ ಬೇಡ.

ಇಷ್ಟು ಮಾಡಿದ ಜಾಡಿಗೆ ಮತ್ತೆ ಉಪ್ಪಿನಕಾಯಿ ತುಂಬಬೇಡಿ. ಉಪ್ಪು, ಹುಳಿ, ಎಣ್ಣೆ ಮೂರೂ ಸೇರಿ ಸಂದಿನ ಮೇಲೆ ಕೆಲಸ ಮಾಡುತ್ತಲೇ ಇರುತ್ತವೆ, ಮನೆಬಳಕೆಯ ಎಪಾಕ್ಸಿ ಆಹಾರಕ್ಕೆಂದು ಮಾಡಿದ್ದೂ ಅಲ್ಲ. ಕಾಫಿ ಲೋಟದ ಕಿವಿಯನ್ನೂ ಅಂಟಿಸಿ ಬಳಸಬೇಡಿ. ಬಿಸಿ, ಸೋಪು ತಾಗಿ ತಾಗಿ ಒಂದು ದಿನ ಬಿಟ್ಟರೆ ಕಾಫಿ ಬೀಳುವುದು ತೊಡೆಯ ಮೇಲೆ. ಬಾಣಲೆ, ಕುಕ್ಕರಿನ ಹಿಡಿಗೆ ಅಂಟಿನ ಮಾತೇ ಇಲ್ಲ; ರಿವಿಟ್ ಅಥವಾ ಸ್ಕ್ರೂ.

ವೀಣೆಯ ಮೆಟ್ಟಿಲಿಗೆ ಅಂಟು ಹಾಕಬೇಡಿ

ಸರಸ್ವತೀ ವೀಣೆಯ 24 ಮೆಟ್ಟಿಲುಗಳು, ಅಂದರೆ ತಂತಿಯಡಿಯ ಅಡ್ಡ ಪಟ್ಟಿಗಳು, ಕೂತಿರುವುದು ಜೇನುಮೇಣಕ್ಕೆ ಇದ್ದಿಲ ಪುಡಿಯಂಥದ್ದನ್ನು ಬೆರೆಸಿ ಮಾಡಿದ ಕಪ್ಪು ಮೇಣದ ಮೇಲೆ. ಒಂದು ಮೆಟ್ಟಿಲು ಕಳಚಿ ಬಂದಾಗ ಎಪಾಕ್ಸಿ ಅಥವಾ ಫೆವಿಕ್ವಿಕ್ ಹಾಕಿ ಕೂರಿಸಿದವರು ವೀಣೆಯನ್ನು ಮೂಕ ಮಾಡಿದ ಹಾಗೆಯೇ. ಮೇಣ ಕಾಲಕಾಲಕ್ಕೆ ಕುಗ್ಗುತ್ತದೆ, ಸ್ವರಸ್ಥಾನ ಜರುಗುತ್ತದೆ, ಆಗ ಮೇಳ ಕಟ್ಟುವವರು ಮೇಣ ತೆಗೆದು ಹೊಸದಾಗಿ ಕಟ್ಟಿ, ಮೆಟ್ಟಿಲುಗಳನ್ನು ಶ್ರುತಿ ನೋಡಿ ನೋಡಿ ಕೂರಿಸುತ್ತಾರೆ. ಗಟ್ಟಿಯಾಗಿ ಅಂಟಿದ ಮೆಟ್ಟಿಲನ್ನು ಸರಿಸಲಾಗದು. ಬಿಚ್ಚಲು ಬರುವುದೇ ಇಲ್ಲಿ ಅಂಟಿನ ಮುಖ್ಯ ಗುಣ. ಕಳಚಿದ ಮೆಟ್ಟಿಲನ್ನು ಪೊಟ್ಟಣದಲ್ಲಿಟ್ಟು ಮೇಳದವರಿಗೆ ಕೊಡಿ. ವೀಣೆಯನ್ನು ಬಿಸಿಲಲ್ಲಿ, ನಿಲ್ಲಿಸಿದ ಕಾರಿನಲ್ಲಿ ಇಡಬೇಡಿ.

ಹಳೆಯ ಮೈಸೂರು ಚಿತ್ರಪಟದ ಗೆಸ್ಸೋ (ಚಿನ್ನದ ರೇಕಿನಡಿಯ ಉಬ್ಬು ಲೇಪ) ಎದ್ದಿದ್ದರೂ ಮನೆಯಲ್ಲಿ ಕೈ ಹಾಕಬೇಡಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಇಂಟಾಕ್ ಸಂಸ್ಥೆಯ ಕಲಾ ಸಂರಕ್ಷಣಾ ಕೇಂದ್ರವಿದೆ, ಅಂಥವರ ಕೆಲಸ ಅದು.

ಉಳಿದ ಚೂರುಪಾರು

ಕನ್ನಡಿ: ಹಿಂಬದಿಗೆ ವಿನೆಗರ್ ವಾಸನೆಯ ಸಿಲಿಕೋನ್ ಹಾಕಿದರೆ ಅದರ ಆಮ್ಲ ಪಾದರಸದ ಲೇಪ ಎಂದು ನಾವು ಕರೆಯುವ ಬೆಳ್ಳಿ ಲೇಪವನ್ನು ತಿನ್ನುತ್ತದೆ, ಕೆಲ ತಿಂಗಳಲ್ಲಿ ಮುಂದಿನಿಂದ ಕಪ್ಪು ಚುಕ್ಕೆ ಕಾಣುತ್ತವೆ. ‘ನ್ಯೂಟ್ರಲ್’ ಎಂದು ಬರೆದ ಸಿಲಿಕೋನ್ ಕೇಳಿ. ಹಿತ್ತಾಳೆ, ತಾಮ್ರಕ್ಕೂ ಇದೇ ಮಾತು.

ಹಳೆಯ ಪುಸ್ತಕ: ಮೈದಾ ಅಂಟಿಗಿಂತ ಒಳ್ಳೆಯದಿಲ್ಲ. ಒಂದು ಪಾಲು ಮೈದಾಕ್ಕೆ ಐದಾರು ಪಾಲು ನೀರು, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕೈಯಾಡಿಸಿ, ಬಟ್ಟೆಯಲ್ಲಿ ಸೋಸಿ. ಫ್ರಿಜ್ಜಿನಲ್ಲಿ ಎರಡು ಮೂರು ದಿನ ಇರುತ್ತದೆ. ಹುಳು ಬಾರದಿರಲೆಂದು ಮೈಲುತುತ್ತ ಹಾಕುವ ರೂಢಿಯಿದೆ. ಲೆಕ್ಕದ ಪುಸ್ತಕಕ್ಕೆ ಸರಿ, ಉಳಿಸಿಕೊಳ್ಳಬೇಕಾದ ಪುಸ್ತಕಕ್ಕೆ ಬೇಡ. ತಾಮ್ರದ ಅಂಶ ಕಾಗದವನ್ನು ಬೇಗ ಪುಡಿಪುಡಿ ಮಾಡುತ್ತದೆ. ಸೆಲ್ಲೋಟೇಪ್ ಮಾತ್ರ ಎಂದೂ ಬೇಡ, ಅದರ ಕಂದು ಕಲೆ ಹೋಗುವುದಿಲ್ಲ.

ಪ್ಲಾಸ್ಟಿಕ್: ತಿರುಗಿಸಿ ತ್ರಿಕೋನದೊಳಗಿನ ಅಂಕಿ ನೋಡಿ. 2, 4, 5 ಇದ್ದರೆ ಈ ಮೇಲಿನ ಯಾವ ಅಂಟೂ ಅದಕ್ಕೆ ಹಿಡಿಯುವುದಿಲ್ಲ. ಬಕೆಟ್ಟು, ಮಗ್ಗು ಬಹುಪಾಲು ಇದೇ ಜಾತಿ. ಕಾಯಿಸಿ ಬೆಸೆಯಬೇಕು ಅಥವಾ ಹೊಸದು ತರಬೇಕು.

ಮಳೆಗಾಲ, ಬೇಸಿಗೆ

ಡಬ್ಬಿಯ ಮೇಲಿನ ಗಂಟೆಗಳ ಲೆಕ್ಕವನ್ನು ಊರಿಗೆ ತಕ್ಕಂತೆ ತಿದ್ದಿಕೊಳ್ಳಬೇಕು. ಜೂನ್–ಆಗಸ್ಟ್‌ನಲ್ಲಿ ಕರಾವಳಿ, ಮಲೆನಾಡಿನಲ್ಲಿ ಬಿಳಿ ಅಂಟಿಗೆ ಒಂದು ದಿನದ ಬದಲು ಎರಡು ದಿನ ಕೊಡಿ. ಆಗ ಮರವೂ ತೇವ ಕುಡಿದು ಉಬ್ಬಿರುತ್ತದೆ. ಮಳೆಯಲ್ಲಿ ಬಿಗಿಯಾಗಿ ಕಂಡ ಸಂದು ಬೇಸಿಗೆಯಲ್ಲಿ ಸಡಿಲವಾಗುವುದರಿಂದ, ಆಗುವುದಾದರೆ ಕುರ್ಚಿಯ ಕೆಲಸವನ್ನು ಚಳಿಗಾಲ ಕಳೆದ ಮೇಲೆ ಇಟ್ಟುಕೊಳ್ಳಿ. ರಬ್ಬರ್ ಅಂಟಿನ ಮೇಲೆ ತೇವ ಕೂತರೆ ಬೆಳ್ಳಗೆ ಮಂಜಾಗುತ್ತದೆ, ಆ ಸ್ಥಿತಿಯಲ್ಲಿ ಒತ್ತಿದರೆ ನಿಲ್ಲದು. ಬಯಲುಸೀಮೆಯ ಬೇಸಿಗೆಯಲ್ಲಿ ಎಪಾಕ್ಸಿಯ ಆಟ ಉಲ್ಟಾ: ಉಷ್ಣತೆ 10 ಡಿಗ್ರಿ ಏರಿದರೆ ಕೆಲಸಕ್ಕೆ ಸಿಗುವ ಸಮಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಬಟ್ಟಲಿನಲ್ಲಿ ಗುಡ್ಡೆ ಮಾಡದೆ ಹಳೆ ಟೈಲ್ ಮೇಲೆ ತೆಳ್ಳಗೆ ಹರಡಿ ಕಲಸಿ. ಗುಡ್ಡೆಯಾಗಿದ್ದರೆ ತನ್ನ ಬಿಸಿಗೆ ತಾನೇ ಬೇಗ ಹೆಪ್ಪುಗಟ್ಟುತ್ತದೆ. ಎರಡು ಟ್ಯೂಬಿನ ಮುಚ್ಚಳ ಅದಲು ಬದಲಾಗದಂತೆ ಒಂದಕ್ಕೆ ಟೇಪ್ ಸುತ್ತಿಡಿ. ಒಮ್ಮೆ ತಪ್ಪಿದರೆ ಟ್ಯೂಬಿನ ಬಾಯಿ ಶಾಶ್ವತವಾಗಿ ಮುಚ್ಚಿಕೊಳ್ಳುತ್ತದೆ.

ಕೆಲಸ ಮುಗಿದ ಮೇಲೆ ಕುರ್ಚಿಯನ್ನು ಬೋರಲು ಹಾಕಿ, ಸೀಟಿನಡಿಯ ಪಟ್ಟಿಯ ಮೇಲೆ ಪೆನ್ಸಿಲಿನಲ್ಲಿ ಬರೆದಿಡಿ: ತಿಂಗಳು, ವರ್ಷ, ‘ಹಿಂದಿನ ಎಡಗಾಲು ಎಪಾಕ್ಸಿ, ಮಿಕ್ಕಿದ್ದು ಬಿಳಿ ಅಂಟು’. ಪೆನ್ನು ಬೇಡ, ಪಾಲಿಷ್‌ನವನ ಸ್ಪಿರಿಟ್ಟಿಗೆ ಅಳಿಸಿಹೋಗುತ್ತದೆ.